ಓದುಗರ ಪ್ರಶ್ನೆ: ಆಧಾರ್ ಜೆರಾಕ್ಸ್ ತೋರಿಸಿದರೆ ವಿಮಾನ ನಿಲ್ದಾಣದೊಳಗೆ ಬಿಡುತ್ತಾರೆಯೇ?

ಪ್ರಶ್ನೆ: ತಾಯಿಯವರನ್ನು ಬೆಂಗಳೂರಿನಿಂದ ದೆಹಲಿಗೆ ವಿಮಾನದಲ್ಲಿ ಕರೆದೊಯ್ಯಬೇಕಿದೆ. ಅವರ ಆಧಾರ್ ಕಾರ್ಡಿನ ಜೆರಾಕ್ಸ್ ಸಾಕೇ? ಟಿಕೆಟ್‌ನಲ್ಲಿ ಹೆಸರು ತುಸು ಬೇರೆಯಾಗಿದ್ದರೆ ತೊಂದರೆಯೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ಜೆರಾಕ್ಸ್ ಸಾಲದು; ಭಾವಚಿತ್ರವಿರುವ ಮೂಲ ಗುರುತಿನ ಚೀಟಿಯೇ ಬೇಕು. ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ 2017ರ ಸುತ್ತೋಲೆಯಲ್ಲಿ ಪ್ರಕಟಿಸಿದ ಪಟ್ಟಿಯ ಪ್ರಕಾರ ಪಾಸ್‌ಪೋರ್ಟ್, ಮತದಾರರ ಗುರುತಿನ ಚೀಟಿ, ಆಧಾರ್ ಅಥವಾ ಎಂ-ಆಧಾರ್ (ಮೊಬೈಲ್ ಆ್ಯಪ್‌ನಲ್ಲಿರುವ ಆಧಾರ್), ಪ್ಯಾನ್ ಕಾರ್ಡ್, ಚಾಲನಾ ಪರವಾನಗಿ, ಭಾವಚಿತ್ರವಿರುವ ರಾಷ್ಟ್ರೀಕೃತ ಬ್ಯಾಂಕಿನ ಪಾಸ್‌ಬುಕ್ ಅಥವಾ ಪಿಂಚಣಿ ದಾಖಲೆ ಮುಂತಾದವುಗಳಲ್ಲಿ ಯಾವುದಾದರೂ ಒಂದಿದ್ದರೆ ದೇಶದೊಳಗಿನ ಪ್ರಯಾಣಕ್ಕೆ ಸಾಕು. ನಮ್ಮ ಕಡೆ ಎಲ್ಲದಕ್ಕೂ ಮುಂದೆ ಹಿಡಿಯುವ ರೇಷನ್ ಕಾರ್ಡ್ ಈ ಪಟ್ಟಿಯಲ್ಲಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಉಳಿಸಿಕೊಂಡ ಆಧಾರ್ ಫೋಟೋ ಎಂ-ಆಧಾರ್ ಎನಿಸುವುದಿಲ್ಲ; ಅದನ್ನು ಆ್ಯಪ್‌ನಲ್ಲೇ ತೆರೆದು ತೋರಿಸಬೇಕು.

ಹೆಚ್ಚು ಗಮನ ಕೊಡಬೇಕಾದದ್ದು ಹೆಸರಿಗೆ. ಮೈಸೂರು, ಮಂಡ್ಯದ ಕಡೆ ಹಿರಿಯರ ಹೆಸರಿನ ಮುಂದೆ ಊರಿನ ಮತ್ತು ತಂದೆಯ ಅಥವಾ ಗಂಡನ ಹೆಸರಿನ ಇನಿಶಿಯಲ್ ಇರುವುದು ವಾಡಿಕೆಯಾದರೂ, ಟಿಕೆಟ್ ಬುಕ್ ಮಾಡುವ ಪುಟ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡನ್ನು ಕೇಳುತ್ತದೆ. ಆಧಾರ್‌ನಲ್ಲಿ 'ನಿಂಗಮ್ಮ ಎಂ. ಸಿ.' ಎಂದಿರುವವರಿಗೆ ಮಕ್ಕಳು ತಮ್ಮ ಹೆಸರಿನೊಡನೆ ಬಳಸುವ 'ಗೌಡ'ವನ್ನೇ ಕೊನೆಯ ಹೆಸರಾಗಿ ತುಂಬಿಬಿಟ್ಟರೆ, ಟರ್ಮಿನಲ್ ಬಾಗಿಲಲ್ಲಿ ಚೀಟಿ ಮತ್ತು ಟಿಕೆಟನ್ನು ಅಕ್ಕಪಕ್ಕ ಹಿಡಿದು ನೋಡುವ ಭದ್ರತಾ ಸಿಬ್ಬಂದಿಗೆ ಅವು ಇಬ್ಬರ ಹೆಸರುಗಳಂತೆ ಕಾಣುತ್ತವೆ. ಆದ್ದರಿಂದ ಯಾವ ಚೀಟಿ ತೋರಿಸುತ್ತೀರೋ ಅದನ್ನು ಮುಂದಿಟ್ಟುಕೊಂಡೇ ಟಿಕೆಟ್ ಬುಕ್ ಮಾಡಿ. ಈಗಾಗಲೇ ತಪ್ಪಾಗಿದ್ದರೆ ಬಾಗಿಲಲ್ಲಿ ವಿವರಿಸಿದರಾಯಿತು ಎಂದು ಬಿಡದೆ, ಇಂದೇ ವಿಮಾನಯಾನ ಸಂಸ್ಥೆಯನ್ನು ಸಂಪರ್ಕಿಸಿ ತಿದ್ದುಪಡಿ ಕೇಳಿ.

ಹೆತ್ತವರೊಂದಿಗೆ ಹೋಗುವ ಅಪ್ರಾಪ್ತ ಮಕ್ಕಳಿಗೆ, ಹೆತ್ತವರ ಬಳಿ ಸರಿಯಾದ ಚೀಟಿ ಇದ್ದರೆ, ಬೇರೆಯದು ಬೇಕಿಲ್ಲ. ವಿದೇಶಕ್ಕೆ ಮಾತ್ರ ಮಗುವಿಗೂ ಪಾಸ್‌ಪೋರ್ಟ್ ಬೇಕೇ ಬೇಕು.

ಚೀಟಿಯನ್ನು ಚೆಕ್-ಇನ್ ಮಾಡುವ ಸೂಟ್‌ಕೇಸಿನಲ್ಲಿ ಇಡಬೇಡಿ, ಏಕೆಂದರೆ ಮುಂದೆಯೂ ಅದನ್ನು ಕೇಳಬಹುದು. ತಾಯಿಯವರ ಕೈಚೀಲದಲ್ಲೇ ಇರಲಿ. ದೇವನಹಳ್ಳಿಯ ಬಾಗಿಲಲ್ಲಿ ನಿಂತಾಗ ಮಂಡ್ಯದ ಬೀರುವಿನಲ್ಲಿರುವ ಕಾರ್ಡು ನೆನಪಾದರೆ ಹೋಗಿ ತರುವಷ್ಟು ಸಮಯವಿರುವುದಿಲ್ಲ. ಅವರ ಎಂ-ಆಧಾರನ್ನು ಮೊಬೈಲಿನಲ್ಲಿ ಮೊದಲೇ ಸಿದ್ಧಮಾಡಿಟ್ಟರೆ ಆ ಹೊತ್ತಿಗೆ ಆಸರೆಯಾಗುತ್ತದೆ. ಮೂಲ ಕಾರ್ಡುಗಳೆಲ್ಲವೂ ಕಳೆದುಹೋಗಿದ್ದರೆ, 'ಎ' ಗುಂಪಿನ ಗೆಜೆಟೆಡ್ ಅಧಿಕಾರಿಯೊಬ್ಬರು ತಮ್ಮ ಲೆಟರ್‌ಹೆಡ್‌ನಲ್ಲಿ, ದೃಢೀಕರಿಸಿದ ಭಾವಚಿತ್ರದೊಡನೆ ನೀಡುವ ಗುರುತಿನ ಪ್ರಮಾಣಪತ್ರಕ್ಕೂ ಅದೇ ಸುತ್ತೋಲೆಯಲ್ಲಿ ಅವಕಾಶವಿದೆ.