ಲಿವರ್‌ಗೆ ಕರೆಂಟ್ ಕೊಟ್ರ ಇಮ್ಯುನಿಟಿ ಎಲ್ಲ ಹೋಗ್ತದೇನ್ರಿ?

"ನಮ್ಮ ಮಾಮಾರಿಗೆ ಲಿವರ್ ಕ್ಯಾನ್ಸರ್ ಅದರಿ, ಕರೆಂಟ್ ಕೊಡ್ತೀವಿ ಅಂದಾರ, ಕೊಟ್ರ ಮೈಯಾಗಿನ ಇಮ್ಯುನಿಟಿ ಎಲ್ಲ ಝೀರೋ ಆಗ್ತದಂತ, ಖರೆ ಏನ್ರಿ?"

ಆಳಂದದವ್ರು ಕೇಳ್ತಾರ, ಹುಮನಾಬಾದದವ್ರು ಕೇಳ್ತಾರ, ಶಹಾಪುರದವ್ರೂ ಕೇಳ್ತಾರ, ಊರು ಬ್ಯಾರೆ ಪ್ರಶ್ನೆ ಒಂದೇ. ಹೇಳಿ ಹೇಳಿ ಸಾಕಾಗ್ಯಾದ, ಅದಕ್ಕ ಈ ಸಲ ಬರ್ದೇ ಇಡ್ತೀನಿ, ಮುಂದ ಯಾರರ ಕೇಳಿದ್ರ ಇದನ್ನೇ ಫಾರ್ವರ್ಡ್ ಮಾಡ್ರಿ.

ಕರೆಂಟ್ ಅಂದ್ರ ರೇಡಿಯೇಷನ್, ಕ್ಯಾನ್ಸರ್ ಮ್ಯಾಲ ಕಿರಣ ಬಿಡೋದು. ಅದ್ರಿಂದ ಇಮ್ಯುನಿಟಿ ಝೀರೋ ಆಗಂಗಿಲ್ಲ. ಬಿಳಿ ರಕ್ತಕಣದಾಗ ಒಂದು ಜಾತಿ, ಲಿಂಫೋಸೈಟ್, ಅದು ಕಮ್ಮಿ ಆಗ್ತದ. ರೇಡಿಯೇಷನ್‌ಗೆ ಅದು ಭಾಳ ನಾಜೂಕ. ಗಡ್ಡಿಗೆ (ಕ್ಯಾನ್ಸರ್ ಗಂಟಿಗೆ) ಅಂತ 30ರಿಂದ 50 ಗ್ರೇ ತನಕ ಡೋಸ್ ಹಾಕ್ತಾರ, ಗ್ರೇ ಅಂದ್ರ ಕಿರಣದ ಡೋಸ್ ಅಳಿಯೋ ಮಾಪು, ಲಿಂಫೋಸೈಟ್ ಸಾಯ್ಲಿಕ್ಕ ಒಂದೆರಡು ಗ್ರೇ ಸಾಕು. ಮತ್ತ ಲಿವರ್ ಅಂದ್ರ ನಮ್ಮ ಕಲಬುರಗಿ ಬಸ್ ಸ್ಟ್ಯಾಂಡ್ ಇದ್ದಂಗ, ಎಲ್ಲಾ ಗಾಡಿ ಅಲ್ಲಿ ಹಾದೇ ಹೋಗ್ಬೇಕು, ನಿಮಿಷಕ್ಕ ಹತ್ರ ಹತ್ರ ಒಂದೂವರೆ ಲೀಟರ್ ರಕ್ತ ಅಲ್ಲಿ ಹರೀತದ, ಇಡೀ ಮೈಯಾಗ ಇರೋದೇ ಐದು ಲೀಟರ್. ಮಷಿನ್ ಚಾಲೂ ಇದ್ದಾಗ ಹಾದು ಹೋಗೋ ಲಿಂಫೋಸೈಟ್‌ಗೂ ಏಟು ಬೀಳ್ತದ. ಹೊಟ್ಟಿ ಎಡಕ್ಕಿರೋ ಗುಲ್ಮ, ಅಂದ್ರ ಸ್ಪ್ಲೀನ್‌ಗೂ ಸ್ವಲ್ಪ ಡೋಸ್ ಹೋದ್ರ ಇನ್ನಷ್ಟು ಕಮ್ಮಿ, ಯಾಕಂದ್ರ ಅದು ಲಿಂಫೋಸೈಟ್‌ದ ಗೋದಾಮೇ.

ಈಗ ಆ "ಝೀರೋ" ಮಾತಿಗೆ ಬರೋಣು, ಇದು ಕೇಳಿದ್ರ ನನಗ ತಲಿ ಕೆಡ್ತದ. ಮಂದಿ ಸಿಬಿಸಿ (ರಕ್ತಕಣ ಎಣಿಸೋ ಟೆಸ್ಟ್) ರಿಪೋರ್ಟ್ ಕೈಯಾಗ ಹಿಡ್ಕೊಂಡು ಕೆಂಪು ಅಕ್ಷರ ನೋಡಿ ಗಾಬರಿ ಆಗ್ತಾರ, ಲೆಕ್ಕ ಮಾಡಂಗಿಲ್ಲ. ಟೋಟಲ್ ಡಬ್ಲ್ಯೂಬಿಸಿ, ಅಂದ್ರ ಒಟ್ಟು ಬಿಳಿಕಣ, 3,000 ಅದ, ಲಿಂಫೋಸೈಟ್ 10 ಪರ್ಸೆಂಟ್ ಅದ ಅಂತ ತಿಳ್ಕೋರಿ. ಅಂದ್ರ ಲಿಂಫೋಸೈಟ್ 300. ಸಾವಿರದ ಮ್ಯಾಲ ಇರ್ಬೇಕಾಗಿತ್ತು, 500ಕ್ಕಿಂತ ಕೆಳಗ ಇಳಿದ್ರ ಡಾಕ್ಟರ್‌ಗಳೂ ಅದನ್ನ ಸೀರಿಯಸ್ ಅಂತಾರ, ನಾನು ಇಲ್ಲ ಅನ್ನಂಗಿಲ್ಲ. ಖರೆ ಅದೇ ಕಾಗದದಾಗ ಮ್ಯಾಲಿನ ಸಾಲು ನೋಡ್ರಿ, ನ್ಯೂಟ್ರೋಫಿಲ್ ಅನ್ನೋ ಇನ್ನೊಂದು ಜಾತಿ ಬಿಳಿಕಣ 80 ಪರ್ಸೆಂಟ್, ಅಂದ್ರ 2,400, ಇದು ನಾರ್ಮಲ್. ಗಾಯ ಆದ್ರ, ಕೀವು ಆದ್ರ, ಬ್ಯಾಕ್ಟೀರಿಯಾ ಹೊಕ್ರ ಮೊದಲು ಓಡಿ ಬರೋದು ಇವೇ. ಇವೆಲ್ಲ ತಯಾರಾಗೋದು ಎಲುಬಿನ ಮಜ್ಜಿಯಾಗ, ಲಿವರ್‌ಗೆ ಬಿಡೋ ಕಿರಣ ಹತ್ತೋದು ಒಂದೆರಡು ಪಕ್ಕೆಲುಬು, ಬೆನ್ನೆಲುಬಿನ ಒಂದಿಷ್ಟು ಜಾಗ, ಉಳಿದ ಮಜ್ಜಿ ತನ್ನ ಕೆಲಸ ಮಾಡ್ತಾನೇ ಇರ್ತದ. ಕೀಮೋದಂಗ ಇಡೀ ಮೈಗೆ ಹೊಡೆತ ಇದಲ್ಲ. ಹೊಟ್ಟಿಗೆ ಕೊಟ್ಟ ಕರೆಂಟಿಗೆ ತಲಿ ಕೂದಲೂ ಉದರಂಗಿಲ್ಲ.

ಇನ್ನೊಂದು ಯಾರೂ ನೋಡಂಗಿಲ್ಲ. ಚಿಕಿತ್ಸಾ ಶುರು ಆಗೋಕಿಂತ ಮುಂಚಿನ ರಿಪೋರ್ಟ್ ತಗೀರಿ. ಸಿರೋಸಿಸ್ (ಲಿವರ್ ಗಟ್ಟಿಯಾಗಿ ಕೆಡೋ ರೋಗ) ಇದ್ದವ್ರ ಸ್ಪ್ಲೀನ್ ದೊಡ್ಡದಾಗಿ ಬಿಳಿಕಣ, ಪ್ಲೇಟ್‌ಲೆಟ್ ಎಲ್ಲ ಅಲ್ಲೇ ಹಿಡ್ಕೊಂಡು ಕೂತಿರ್ತದ, ಕೌಂಟ್ ಮೊದ್ಲೇ ಕಮ್ಮಿ ಇರ್ತದ, ಆಮ್ಯಾಲ ಬೈಗಳೆಲ್ಲ ಕರೆಂಟಿಗೆ.

ಕೌಂಟ್ ಏರಿಸ್ತೀವಿ ಅಂತ ಅಮೃತಬಳ್ಳಿ ಕಷಾಯ ಕುಡಿಸ್ಬ್ಯಾಡ್ರಿ, ಕೈ ಮುಗೀತೀನಿ. ಅದನ್ನ ಕುಡಿದು ಲಿವರ್‌ಗೇ ಪೆಟ್ಟಾದ ಪೇಷಂಟ್‌ಗಳ ಬಗ್ಗೆ 2021ರಾಗ ಮುಂಬೈ ಡಾಕ್ಟರ್‌ಗಳು ಬರ್ದಾರ. ಇದ್ದ ಲಿವರೇ ನೆಟ್ಟಗಿಲ್ಲ. ಜ್ವಾಳದ ರೊಟ್ಟಿ, ತೊಗರಿ ಬ್ಯಾಳಿ, ತತ್ತಿ, ಡಾಕ್ಟರ್ ಬ್ಯಾಡ ಅನ್ನದಿದ್ರ ಹೊಟ್ಟಿ ತುಂಬ ಹಾಕ್ರಿ. ಲಿಂಫೋಸೈಟ್ ತಾವಾಗೇ ಏರ್ತಾವ, ಆದ್ರ ನಿಧಾನ, ವಾರ ಅಲ್ಲ ಎಷ್ಟೋ ಮಂದಿಗೆ ತಿಂಗಳುಗಟ್ಲೆ ಬೇಕು. ನಡುವ ಜ್ವರ ಬಂದ್ರ ಮಾತ್ರ ಮನ್ಯಾಗ ಕೂಡಬ್ಯಾಡ್ರಿ.

ಲಿಂಫೋಸೈಟ್ ಭಾಳ ಬಿದ್ದವ್ರದು ಫಲಿತಾಂಶ ಅಷ್ಟು ಛಲೋ ಬರೂದಿಲ್ಲ ಅಂತ ಸ್ಟಡಿಗಳು ತೋರಸ್ಯಾವ, ಅದಕ್ಕೇ ಈಗ ಆದಷ್ಟು ಕಮ್ಮಿ ಸಿಟ್ಟಿಂಗ್‌ನಾಗ ಮುಗಸ್ಲಿಕ್ಕ ನೋಡ್ತಾರ. ಎಸ್‌ಬಿಆರ್‌ಟಿ ಅಂದ್ರ ಇದೇ, ಗಡ್ಡಿಗಷ್ಟೇ ಗುರಿ ಇಟ್ಟು ಮೂರರಿಂದ ಐದು ಸಲ. 25-30 ಸಲ ಕೊಟ್ರ ಪ್ರತಿ ಸಲ ಹೊಸ ರಕ್ತ ಕಿರಣದಾಗ ಬರ್ತದ, ಐದು ಸಲಕ್ಕ ಅಷ್ಟಿಲ್ಲ. ಎಲ್ಲರಿಗೂ ಇದು ಕೂಡಂಗಿಲ್ಲ, ಗಡ್ಡಿ ಎಷ್ಟು ದೊಡ್ಡದು, ಎಲ್ಲಿ ಅದ, ಉಳಿದ ಲಿವರ್ ಹೆಂಗದ ನೋಡಿ ಹೇಳ್ತಾರ.

ಮತ್ತ ಇದರದೊಂದು ಛಲೋ ಮಗ್ಗಲೂ ಅದ. ಕಿರಣ ಬಿದ್ದು ಗಡ್ಡಿ ಒಡೆದಾಗ ಅದರ ಚೂರು ಹೊರಗ ಬರ್ತಾವ, ಡೆಂಡ್ರಿಟಿಕ್ ಕಣ (ಇಮ್ಯುನಿಟಿಯ ಕಾವಲುಗಾರ) ಅದನ್ನ ಎತ್ಕೊಂಡು ಹೋಗಿ ಟಿ ಕಣಗಳಿಗೆ (ಲಿಂಫೋಸೈಟ್‌ದೇ ಒಂದು ಜಾತಿ) ತೋರಸ್ತಾವ, ಇಷ್ಟು ದಿನ ಕಣ್ಣು ತಪ್ಪಿಸಿದ್ದ ಕ್ಯಾನ್ಸರ್ ಆಗ ಸಿಕ್ಕಿ ಬೀಳ್ತದ. ಕಿರಣ ಹಾಕದ ಜಾಗದ ಗಡ್ಡಿನೂ ಕರಗಿದ್ದು ಕಂಡಾರ, ಆದ್ರ ಭಾಳ ಅಪರೂಪ, ಅದರ ಮ್ಯಾಲ ಆಸೆ ಇಡಬ್ಯಾಡ್ರಿ. ಇಮ್ಯುನೋಥೆರಪಿ (ಇಮ್ಯುನಿಟಿನೇ ಕ್ಯಾನ್ಸರ್ ಮ್ಯಾಲ ಎಬ್ಬಿಸೋ ಔಷಧ) ಜೋಡಿ ರೇಡಿಯೇಷನ್ ಕೊಟ್ಟು ನೋಡೋದರ ಹಿಂದ ಇದೇ ಲೆಕ್ಕ.

ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ಲಿವರ್ ಕ್ಯಾನ್ಸರ್‌ಗೆ ದೊಡ್ಡ ಕಾರಣ ಹೆಪಟೈಟಿಸ್ ಬಿ, ಒಬ್ಬರಿಂದ ಒಬ್ಬರಿಗೆ ಹರಡೋ ವೈರಸ್. ಅದರ ಗುಳಗಿ ನುಂಗೋರು ಕರೆಂಟ್ ನಡೆದಾಗ "ಇದ್ಯಾಕ ಮತ್ತ" ಅಂತ ಬಿಡ್ತಾರ. ಬಿಟ್ರ ಸುಮ್ಮ ಕೂತಿದ್ದ ವೈರಸ್ ಎದ್ದು ಕೂಡ್ತದ, ಲಿವರ್ ಕೆಡ್ತದ, ಕರೆಂಟೇ ಅರ್ಧಕ್ಕ ನಿಂದರಸ್ಬೇಕಾಗ್ತದ. ಮಾಮಾರಿಗೆ ಬಿ ಇದ್ರ ಮನಿಮಂದಿ ಎಲ್ಲರೂ ಎಚ್‌ಬಿಎಸ್‌ಎಜಿ (ಹೆಪಟೈಟಿಸ್ ಬಿ ಪತ್ತೆ ಹಚ್ಚೋ ರಕ್ತ) ಟೆಸ್ಟ್ ಮಾಡಿಸ್ಕೋರಿ, ನೆಗೆಟಿವ್ ಬಂದ್ರ ಆರು ತಿಂಗಳಾಗ ಮೂರು ಡೋಸ್ ಲಸಿಕಿ ಹಾಕಿಸ್ಕೋರಿ. ಲಗ್ನ ಆಗಿ ಹೋದ ಹೆಣ್ಣುಮಕ್ಕಳೂ ಇದ್ರಾಗ ಬಂದ್ರು, ಅವ್ರಿಗೂ ಫೋನ್ ಹಚ್ಚಿ ಹೇಳ್ರಿ.