ಉಂಡರೂ ಸೊರಗುವ ದೇಹ

ಜಠರ, ಶ್ವಾಸಕೋಶ ಅಥವಾ ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್ ಬಲಿತವರಲ್ಲಿ ಕಣತಲೆ ಗುಳಿಬಿದ್ದು, ಕೊರಳ ಬುಡದ ಎಲುಬುಗಳು ಎದ್ದು ಕಾಣತೊಡಗುತ್ತವೆ. ಊಟ ಸೇರದಿರುವುದೇ ಇದಕ್ಕೆ ಕಾರಣವೆಂದು ಮನೆಯವರು ಒತ್ತಾಯದಿಂದ ಉಣಿಸಲು ನೋಡುತ್ತಾರೆ. ಅದು ಅರ್ಧ ಸತ್ಯ ಮಾತ್ರ. ಆರು ತಿಂಗಳಲ್ಲಿ ತೂಕ ಶೇ. 5ಕ್ಕಿಂತ ಹೆಚ್ಚು ಇಳಿಯುವ, ಪೌಷ್ಟಿಕ ಆಹಾರವೊಂದರಿಂದಲೇ ಪೂರ್ತಿ ಸರಿಹೋಗದ ಈ ಸ್ಥಿತಿಗೆ ವೈದ್ಯರು ಕ್ಯಾಕೆಕ್ಸಿಯಾ ಎನ್ನುತ್ತಾರೆ.

ಬರಿಯ ಉಪವಾಸದಲ್ಲಿ ದೇಹ ಜಾಣತನದಿಂದ ನಡೆದುಕೊಳ್ಳುತ್ತದೆ. ಕೆಲವು ದಿನಗಳಲ್ಲೇ ಅದು ಕೊಬ್ಬನ್ನು ಉರಿಸಿ, ಮಿದುಳಿಗೂ ಅದರಿಂದಾದ ಕೀಟೋನುಗಳೆಂಬ ಇಂಧನವನ್ನು ಒದಗಿಸಿ, ಸ್ನಾಯುಗಳನ್ನು ಆದಷ್ಟು ಉಳಿಸಿಕೊಳ್ಳುತ್ತದೆ. ಕ್ಯಾಕೆಕ್ಸಿಯಾದಲ್ಲಿ ತಪ್ಪಿಹೋಗುವುದು ಈ ಮಿತವ್ಯಯವೇ.

ಕ್ಯಾನ್ಸರ್ ಕೋಶಗಳು ಆಮ್ಲಜನಕ ಇದ್ದಾಗಲೂ ಗ್ಲೂಕೋಸನ್ನು ಅರ್ಧಂಬರ್ಧ ಒಡೆದು ಲ್ಯಾಕ್ಟೇಟ್ ಆಗಿಸುವುದನ್ನು ಜರ್ಮನಿಯ ಓಟ್ಟೊ ವಾರ್ಬರ್ಗ್ 1920ರ ದಶಕದಲ್ಲೇ ಗಮನಿಸಿದ್ದರು. ಹೀಗೆ ಒಡೆದಾಗ ಒಂದು ಗ್ಲೂಕೋಸ್ ಅಣುವಿನಿಂದ ದಕ್ಕುವುದು ಕೋಶದ ಶಕ್ತಿಯ ನಾಣ್ಯವಾದ ಎಟಿಪಿಯ 2 ಅಣುಗಳು. ಆ ಲ್ಯಾಕ್ಟೇಟನ್ನು ಮತ್ತೆ ಗ್ಲೂಕೋಸ್ ಮಾಡಲು ಯಕೃತ್ತು ತೆರಬೇಕಾದದ್ದು 6. ಗಳಿಕೆ ಗಡ್ಡೆಯದು, ಸಾಲ ದೇಹದ್ದು. ಆದರೂ ನನಗೆ ಈ ಲೆಕ್ಕವೊಂದೇ ಸಾಲದೆನಿಸುತ್ತದೆ, ಏಕೆಂದರೆ ದೇಹತೂಕದ ಅತ್ಯಲ್ಪ ಪಾಲಿನಷ್ಟಿರುವ ಗಡ್ಡೆಯೂ ಇಡೀ ಶರೀರವನ್ನು ಸೊರಗಿಸಬಲ್ಲದು.

ಹೆಚ್ಚಿನ ಹಾನಿ ಮಾಡುವುದು ಗಡ್ಡೆ ಮತ್ತು ಅದರ ವಿರುದ್ಧ ಕೆರಳಿದ ರೋಗರಕ್ಷಕ ಕೋಶಗಳು ರಕ್ತಕ್ಕೆ ಬಿಡುವ ರಾಸಾಯನಿಕ ಸಂದೇಶಗಳು. ಪ್ರಾಣಿಗಳನ್ನು ಸೊರಗಿಸುವ ‘ಕ್ಯಾಕೆಕ್ಟಿನ್’ ಎಂಬ ಪ್ರೋಟೀನು ಮತ್ತು ಉರಿಯೂತ ಕೆರಳಿಸುವ ಸಂದೇಶವಾದ ಟಿಎನ್‌ಎಫ್ (ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್) ಎರಡೂ ಒಂದೇ ಎಂದು 1985ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಬ್ರೂಸ್ ಬ್ಯೂಟ್ಲರ್, ಆಂಥೊನಿ ಸೆರಾಮಿ ಮತ್ತು ಸಂಗಡಿಗರು ತೋರಿಸಿದರು. ಇಂಥ ಸಂದೇಶಗಳು ತಲುಪಿದಾಗ ಸ್ನಾಯುಕೋಶವು ತನ್ನದೇ ಪ್ರೋಟೀನುಗಳಿಗೆ ಯುಬಿಕ್ವಿಟಿನ್ ಎಂಬ ಗುರುತು ಅಂಟಿಸಿ, ಅವನ್ನು ಪ್ರೋಟಿಯಾಸೋಮ್ ಎಂಬ, ಪ್ರೋಟೀನು ಕತ್ತರಿಸುವ ಕೋಶಯಂತ್ರಕ್ಕೆ ತಳ್ಳಿ ತುಂಡರಿಸತೊಡಗುತ್ತದೆ. ಹೊರಬಿದ್ದ ಅಮೈನೋ ಆಮ್ಲಗಳಲ್ಲಿ ಒಂದಷ್ಟನ್ನು ಯಕೃತ್ತು ಬಳಸಿಕೊಂಡು ಉರಿಯೂತದ ಪ್ರೋಟೀನುಗಳನ್ನು ತಯಾರಿಸುತ್ತದೆ. ಕ್ಯಾನ್ಸರ್ ರೋಗಿಯ ರಕ್ತಪರೀಕ್ಷೆಯಲ್ಲಿ ಇವುಗಳಲ್ಲೊಂದಾದ ಸಿಆರ್‌ಪಿ ಏರಿರುವುದಕ್ಕೆ ಇದೂ ಒಂದು ಹಿನ್ನೆಲೆ. ಕೊಬ್ಬು ಕೂಡ ಕರಗುತ್ತದೆ. ಟಿಎನ್‌ಎಫ್ ಅನ್ನು ಮಾತ್ರ ತಡೆಯುವ ಔಷಧಗಳು ರೋಗಿಗಳಲ್ಲಿ ನಿರೀಕ್ಷಿಸಿದ ಫಲ ಕೊಡಲಿಲ್ಲ. ಸಂದೇಶ ಹಲವಿರುವಾಗ ಒಂದರ ಬಾಯಿ ಕಟ್ಟಿದರೆ ಸಾಲದು.

ಹಾಗಿದ್ದೂ ಜಿಡಿಎಫ್15 ಎಂಬ ಇನ್ನೊಂದು ಪ್ರೋಟೀನು ಈಚೆಗೆ ಭರವಸೆ ಹುಟ್ಟಿಸಿದೆ. ಇದು ಮಿದುಳಕಾಂಡದಲ್ಲಿರುವ, ಸಂದೇಶ ಹಿಡಿಯುವ ಗ್ರಾಹಕವೊಂದಕ್ಕೆ (ರಿಸೆಪ್ಟರ್) ಅಂಟಿಕೊಂಡು ಓಕರಿಕೆ ತರುತ್ತದೆ, ಹಸಿವನ್ನು ಅಡಗಿಸುತ್ತದೆ. ಆ ಗ್ರಾಹಕ ಯಾವುದೆಂದು ತಿಳಿದದ್ದು 2017ರಲ್ಲಿ. ಊಟದ ತಟ್ಟೆ ಕಂಡರೇ ಮುಖ ತಿರುಗಿಸುವ ರೋಗಿಯದು ಹಟವಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಕಿಲ್ಲ. ಜಿಡಿಎಫ್15 ಅನ್ನು ಹಿಡಿದಿಡುವ ಪೊನ್ಸೆಗ್ರೊಮ್ಯಾಬ್ ಎಂಬ ಪ್ರತಿಕಾಯವನ್ನು 187 ರೋಗಿಗಳ ಪ್ರಯೋಗವೊಂದರಲ್ಲಿ ಪರೀಕ್ಷಿಸಿ, 2024ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ಅತಿ ಹೆಚ್ಚಿನ ಪ್ರಮಾಣ ಪಡೆದವರ ತೂಕವು 12 ವಾರಗಳಲ್ಲಿ, ಹುಸಿಮದ್ದು ಪಡೆದವರ ತೂಕಕ್ಕೆ ಹೋಲಿಸಿದರೆ, ಸುಮಾರು 2.8 ಕಿಲೋ ಹೆಚ್ಚಿತ್ತು. ಅವರ ಹಸಿವೂ ಸುಧಾರಿಸಿತ್ತು.