ಚಿಕ್ಕ ರೈಫಲ್‌ಗೆ ಎಂಥ ಸ್ಕೋಪ್ ಸಾಕು?

ಕಡಿಮೆ ಬೆಲೆಯ ಸ್ಕೋಪ್, ಅಂದರೆ ರೈಫಲ್ ಮೇಲೆ ಕೂರಿಸುವ ದುರ್ಬೀನು, ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು 3-9×40 ಎಂಬ ಗುರುತು. ಗುರಿ 3ರಿಂದ 9 ಪಟ್ಟು ಹತ್ತಿರ ಕಾಣುತ್ತದೆ, ಮುಂದಿನ ಲೆನ್ಸ್ 40 ಮಿ.ಮೀ. ಅಗಲ ಇದೆ ಎಂದು ಇದರ ಅರ್ಥ. ಆದರೆ .22 ರಿಮ್‌ಫೈರ್‌ನಂಥ (ಸುಮಾರು 0.22 ಇಂಚು ಅಗಲದ ಗುಂಡು ಹಾರಿಸುವ) ಚಿಕ್ಕ ರೈಫಲ್‌ಗೆ ಮುಖ್ಯವಾಗಿ ಬೇಕಾದ ಅಂಕಿ ಇದರಲ್ಲಿ ಇಲ್ಲ. ಎಷ್ಟೋ ಸಲ ಡಬ್ಬದ ಮೇಲೂ ಇರುವುದಿಲ್ಲ. ಅದು ಪ್ಯಾರಲಾಕ್ಸ್ ದೂರ.

ಮೊದಲು ಈ ರೈಫಲ್ ಎಷ್ಟು ದೂರಕ್ಕೆ ಲಾಯಕ್ಕು ಅಂತ ನೋಡೋಣ. .22ರ ಗುಂಡು ಸುಮಾರು 2.6 ಗ್ರಾಂ ತೂಗುತ್ತದೆ. ನಳಿಕೆಯಿಂದ ಹೊರಡುವಾಗ ಅದರ ವೇಗ ಹೆಚ್ಚುಕಡಿಮೆ ಶಬ್ದದ ವೇಗದಷ್ಟೇ, ಅಂದರೆ ಸೆಕೆಂಡಿಗೆ 330 ಮೀಟರ್ ಆಸುಪಾಸು. 50 ಮೀಟರಿಗೆ ಗುರಿ ಹೊಂದಿಸಿದರೆ 100 ಮೀಟರ್ ಮುಟ್ಟುವಷ್ಟರಲ್ಲಿ ಗುಂಡು 15–20 ಸೆಂ.ಮೀ. ಕೆಳಗಿಳಿದಿರುತ್ತದೆ. ಹಾಗಾಗಿ ಮೊಲದಂಥ ಸಣ್ಣ ಬೇಟೆಗೆ ಈ ರೈಫಲ್ಲಿನ ಕೆಲಸವೆಲ್ಲ 25–75 ಮೀಟರಿನೊಳಗೇ ಮುಗಿಯುತ್ತದೆ.

ಅಗ್ಗದ ಸ್ಕೋಪ್‌ಗಳಲ್ಲಿ ಬಹಳಷ್ಟನ್ನು ಮಾಡಿರುವುದು ದೊಡ್ಡ ರೈಫಲ್‌ಗಳಿಗೆ. ಅವುಗಳ ಪ್ಯಾರಲಾಕ್ಸನ್ನು ಕಾರ್ಖಾನೆಯಲ್ಲೇ 100 ಗಜಕ್ಕೋ ಇನ್ನೂ ದೂರಕ್ಕೋ ಹೊಂದಿಸಿಬಿಟ್ಟಿರುತ್ತಾರೆ. ಹಾಗಂದರೇನು? ಮುಂದಿನ ಲೆನ್ಸ್ ಗುರಿಯ ಬಿಂಬವನ್ನು ಕೊಳವೆಯೊಳಗೆ ಒಂದು ಕಡೆ ಮೂಡಿಸುತ್ತದೆ. ನಾವು ಗುರಿಯಿಡುವ ಅಡ್ಡ-ಉದ್ದ ಗೆರೆಗಳು, ಅಂದರೆ ರೆಟಿಕಲ್, ಇನ್ನೊಂದು ಕಡೆ ಗಟ್ಟಿಯಾಗಿ ಕೂತಿರುತ್ತವೆ. ಗುರಿ ಹತ್ತಿರ ಬಂದಷ್ಟೂ ಬಿಂಬ ಕಣ್ಣಿನ ಕಡೆಗೆ ಸರಿಯುತ್ತದೆ. ಬಿಂಬ ಮತ್ತು ಗೆರೆಗಳು ಒಂದೇ ಜಾಗದಲ್ಲಿ ಕೂಡುವುದು ಒಂದೇ ಒಂದು ದೂರದಲ್ಲಿ. ಅದೇ ಪ್ಯಾರಲಾಕ್ಸ್ ದೂರ. ಉಳಿದ ದೂರಗಳಲ್ಲಿ ತಲೆ ಚೂರು ಅಲುಗಿದರೂ ಗೆರೆಗಳು ಗುರಿಯ ಮೇಲೆ ಜಾರಿದಂತೆ ಕಾಣುತ್ತವೆ. ಬೈಕಿನ ಹಿಂದೆ ಕೂತವರಿಗೆ ಸ್ಪೀಡೋಮೀಟರಿನ ಮುಳ್ಳು ಬೇರೆಯೇ ಅಂಕಿ ತೋರಿಸುತ್ತದಲ್ವಾ, ಹಾಗೆ.

ಇದರಿಂದ ಎಷ್ಟು ತಪ್ಪಬಹುದು? ಲೆಕ್ಕ ಸುಲಭ. ಲೆನ್ಸಿನ ಅರ್ಧ ಅಗಲ ತಗೊಳ್ಳಿ. ಗುರಿಯ ದೂರಕ್ಕೂ ಪ್ಯಾರಲಾಕ್ಸ್ ದೂರಕ್ಕೂ ಇರುವ ವ್ಯತ್ಯಾಸದಿಂದ ಗುಣಿಸಿ, ಪ್ಯಾರಲಾಕ್ಸ್ ದೂರದಿಂದ ಭಾಗಿಸಿ. 40 ಮಿ.ಮೀ. ಲೆನ್ಸ್ 100 ಮೀಟರಿಗೆ ಹೊಂದಿಕೊಂಡಿದ್ದು, ಗುರಿ 25 ಮೀಟರಿನಲ್ಲಿದ್ದರೆ ತಪ್ಪು 15 ಮಿ.ಮೀ.ವರೆಗೆ ಹೋಗಬಹುದು. ಅದೇ 32 ಮಿ.ಮೀ. ಲೆನ್ಸ್ 50 ಮೀಟರಿಗೆ ಹೊಂದಿಕೊಂಡಿದ್ದರೆ 8 ಮಿ.ಮೀ. ಅಷ್ಟೆ. ಇದು ಕಣ್ಣು ಪೂರ್ತಿ ಅಂಚಿಗೆ ಸರಿದಾಗಿನ ಮಾತು, ದಿನಾ ಹೀಗಾಗುವುದಿಲ್ಲ. ಆದರೂ ಮೊಲದ ತಲೆಗೆ ಗುರಿಯಿಟ್ಟವರಿಗೆ 15 ಮಿ.ಮೀ. ಸಣ್ಣ ವಿಷಯವಲ್ಲ. 300 ಮೀಟರ್ ದೂರದ ಜಿಂಕೆಗೆ ಗುರಿಯಿಟ್ಟವರು 40 ಮಿ.ಮೀ. ತಪ್ಪಿದರೂ ತಲೆ ಕೆಡಿಸಿಕೊಳ್ಳುವುದಿಲ್ಲ. ದೊಡ್ಡ ರೈಫಲ್ಲಿನ ಸ್ಕೋಪ್ ಚಿಕ್ಕದಕ್ಕೆ ಒಗ್ಗದಿರುವುದು ಇದಕ್ಕೇ.

ಹಾಗಾಗಿ ‘ರಿಮ್‌ಫೈರ್’ ಅಂತ ಬರೆದಿರುವ, ಪ್ಯಾರಲಾಕ್ಸ್ 50 ಗಜದ ಸುತ್ತ ಇರುವ ಸ್ಕೋಪ್ ಹುಡುಕಿ. ದೂರ ಬದಲಿಸಿಕೊಳ್ಳುವ ಬಳೆ ಇದ್ದರೆ ಇನ್ನೂ ಒಳ್ಳೆಯದು, ಆದರೆ ಬೆಲೆ ಏರುತ್ತದೆ. ಕೆಲವರು ಮುಂದಿನ ಲೆನ್ಸನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ ತಾವೇ ಸರಿಮಾಡಿಕೊಳ್ಳುತ್ತಾರೆ. ಅದು ನಡೆಯುತ್ತದೆ. ಆದರೆ ಒಳಗೆ ಮಂಜು ಕಟ್ಟದಿರಲಿ ಅಂತ ತುಂಬಿಸಿರುವ ನೈಟ್ರೋಜನ್ ಹೊರಟುಹೋಗುತ್ತದೆ. ನಾನಂತೂ ಹೊಸದಕ್ಕೆ ಕೈಹಾಕಲಾರೆ.

ಇನ್ನು ಎಷ್ಟು ಪಟ್ಟು ಬೇಕು ಅನ್ನುವುದು. ಲೆನ್ಸಿನ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಟ್ಟಿನ ಅಗಲ ಸಿಗುತ್ತದೆ. 4×32ರಲ್ಲಿ ಅದು 8 ಮಿ.ಮೀ. ನಮ್ಮ ಕಣ್ಣಿನ ಪಾಪೆ ಹಗಲಲ್ಲಿ 2–3 ಮಿ.ಮೀ. ತೆರೆಯುತ್ತದೆ, ಕತ್ತಲಲ್ಲಿ ಹರೆಯದವರಿಗೆ 7ರವರೆಗೆ. ಅಂದರೆ ಮುಸ್ಸಂಜೆಗೂ 32 ಮಿ.ಮೀ. ಸಾಕು. 50 ಮಿ.ಮೀ. ಲೆನ್ಸ್ ಹಾಕಿದರೆ ಸ್ಕೋಪನ್ನು ಎತ್ತರಕ್ಕೆ ಕೂರಿಸಬೇಕು, ಕೆನ್ನೆ ರೈಫಲ್ಲಿಗೆ ತಾಗುವುದಿಲ್ಲ, ತಲೆ ಅಲುಗುತ್ತದೆ. ಮತ್ತೆ ಅದೇ ಪ್ಯಾರಲಾಕ್ಸ್ ಕಾಟ.

ಬೆಳಕು ಬೇಕಿದ್ದರೆ ಲೆನ್ಸಿನ ಅಗಲಕ್ಕಿಂತ ಅದರ ಲೇಪನಕ್ಕೆ ದುಡ್ಡು ಹಾಕಿ. ಬರಿಯ ಗಾಜಿನ ಪ್ರತಿ ಮೈಯೂ ಸುಮಾರು 4% ಬೆಳಕನ್ನು ವಾಪಸ್ ಎಸೆಯುತ್ತದೆ. ಇಂಥ 10 ಮೈ ದಾಟುವಷ್ಟರಲ್ಲಿ ಮೂರನೇ ಒಂದು ಭಾಗ ಹೋಗಿಬಿಟ್ಟಿರುತ್ತದೆ. 1935ರಲ್ಲಿ ಜರ್ಮನಿಯ ಝೈಸ್ ಕಂಪನಿಯಲ್ಲಿದ್ದ ಅಲೆಕ್ಸಾಂಡರ್ ಸ್ಮಾಕುಲಾ ತೆಳು ಪದರ ಬಳಿದು ಈ ನಷ್ಟ ತಗ್ಗಿಸುವ ದಾರಿ ಕಂಡುಕೊಂಡರು. ಈಗಿನ ಹಲವು ಪದರಗಳ ಒಳ್ಳೆಯ ಲೇಪನದಲ್ಲಿ ಮೈಗೆ ಅರ್ಧ ಪರ್ಸೆಂಟೂ ಹೋಗುವುದಿಲ್ಲ. ಸುಮ್ನೆ ‘ಕೋಟೆಡ್’ ಅಂದರೆ ಯಾವುದೋ ಒಂದು ಮೈಗೆ ಬಳಿದಿದ್ದರೂ ಆಯಿತು. ‘ಫುಲ್ಲಿ ಮಲ್ಟಿ-ಕೋಟೆಡ್’ ಅಂತ ಇದೆಯಾ ನೋಡಿ.

ಅಗ್ಗದ ಸ್ಕೋಪ್ ಕೈಕೊಡುವುದು ಹೆಚ್ಚಾಗಿ ಒಳಗಿನ ಸ್ಪ್ರಿಂಗ್‌ನಲ್ಲಿ. ಗುರಿ ಹೊಂದಿಸುವ ಮೇಲಿನ ತಿರುಗಣೆಯ ಒಂದು ಕ್ಲಿಕ್ ಸಾಮಾನ್ಯವಾಗಿ ಕಾಲು ಮಿನಿಟ್ ಕೋನ (ಒಂದು ಡಿಗ್ರಿಗೆ 60 ಮಿನಿಟ್), 50 ಮೀಟರಿನಲ್ಲಿ 3.6 ಮಿ.ಮೀ. ಸ್ಪ್ರಿಂಗ್ ಸಡಿಲವಿದ್ದರೆ ಕ್ಲಿಕ್ ಸದ್ದು ಬರುತ್ತದೆ, ಗುರಿ ಸರಿಯುವುದಿಲ್ಲ. ಎರಡು ಗುಂಡು ಹಾರಿಸಿದ ಮೇಲೆ ತಾನಾಗೇ ಜಿಗಿಯುತ್ತದೆ. ಪಟ್ಟು ಬದಲಿಸುವ ಸ್ಕೋಪಿನಲ್ಲಿ ಅಲುಗುವ ಭಾಗಗಳು ಜಾಸ್ತಿ. ಆದ್ದರಿಂದ ದುಡ್ಡು ಕಡಿಮೆಯಿದ್ದರೆ ಬದಲಾಗದ 4×32 ಸಾಕು ಅನ್ನುವುದು ನನ್ನ ಮಾತು. ಸ್ವಲ್ಪ ಜಾಸ್ತಿ ಇದ್ದರೆ 2-7×32. ಒಂದು ಎಚ್ಚರ: .22ರ ಸ್ಕೋಪನ್ನು ಸ್ಪ್ರಿಂಗ್ ಏರ್‌ಗನ್ನಿಗೆ ಹಾಕಬೇಡಿ. ಅದು ಮೊದಲು ಹಿಂದಕ್ಕೆ, ಆಮೇಲೆ ಮುಂದಕ್ಕೆ ಒದೆಯುತ್ತದೆ. ಅದಕ್ಕೆಂದು ಮಾಡದ ಸ್ಕೋಪ್ ಆ ಮುಂದಿನ ಒದೆತ ತಡೆಯುವುದಿಲ್ಲ.

ತಂದ ಮೇಲೆ ಎರಡು ಪರೀಕ್ಷೆ ಮಾಡಿ. ರೈಫಲ್ ಖಾಲಿ ಇದೆಯೆಂದು ಖಚಿತಪಡಿಸಿಕೊಂಡು, ಮರಳ ಚೀಲದ ಮೇಲಿಟ್ಟು ಒಂದು ಗುರುತಿಗೆ ಹಿಡಿಸಿ. ರೈಫಲ್ ಮುಟ್ಟದೆ ತಲೆ ಮಾತ್ರ ಅತ್ತಿತ್ತ ಆಡಿಸಿ. ಬೇರೆ ಬೇರೆ ದೂರದ ಗುರುತಿಗೆ ಹೀಗೇ ಮಾಡಿದಾಗ ಗೆರೆ ಜಾರದ ದೂರ ಯಾವುದೋ ಅದೇ ನಿಮ್ಮ ಸ್ಕೋಪಿನ ಪ್ಯಾರಲಾಕ್ಸ್ ದೂರ. ಎರಡನೆಯದನ್ನು ಗುಂಡು ಹಾರಿಸುವ ಮೈದಾನದಲ್ಲಿ ಮಾಡಬೇಕು. ಒಂದೇ ಗುರುತಿಗೆ ಗುರಿಯಿಟ್ಟು ಮೂರು ಗುಂಡು ಹಾರಿಸಿ. ಆಮೇಲೆ 20 ಕ್ಲಿಕ್ ಮೇಲೆ, 20 ಬಲಕ್ಕೆ, 20 ಕೆಳಗೆ, 20 ಎಡಕ್ಕೆ ಸರಿಸುತ್ತಾ ಪ್ರತಿ ಸಲ ಅದೇ ಗುರುತಿಗೆ ಮೂರು ಮೂರು ಹಾರಿಸಿ. ಕಾಗದದ ಮೇಲೆ ಚೌಕ ಮೂಡಬೇಕು, ಕೊನೆಯ ಮೂರು ತೂತು ಮೊದಲಿನವುಗಳ ಜೊತೆ ಸೇರಬೇಕು. ಸೇರದಿದ್ದರೆ ವಾಪಸ್ ಕೊಟ್ಟು ಬನ್ನಿ.